ಅರೆವಾಹಕದ ‘ಅರೆ’

‘ಅರೆ’ ಪದದ ಕೊನೆಗೆ ಬಂದರೆ ಬಲು ಕಟ್ಟುನಿಟ್ಟು. ಒಂದೂವರೆ, ಎರಡೂವರೆ ಎಂದರೆ ತಕ್ಕಡಿಯೂ ಒಪ್ಪಬೇಕು. ಅದೇ ಮೊದಲಿಗೆ ಬಂದರೆ ಸಡಿಲ. ಅರೆನಿದ್ದೆ, ಅರೆಮನಸ್ಸು, ಅರೆಬೆಂದ ಬೇಳೆ ಇವನ್ನೆಲ್ಲ ಯಾರೂ ಅಳೆದು ಹೇಳಿದ್ದಲ್ಲ. ಪೂರ್ತಿ ಆಗಿಲ್ಲ, ಅಷ್ಟೆ. (ಅರೆಪಾವಿನಂಥ ಹಟಮಾರಿಗಳು ಇದ್ದೇ ಇವೆ.) ಅರೆ ಎಂದರೆ ಬಂಡೆ, ಅರೆ ಎಂದರೆ ನುಣ್ಣಗೆ ತೇಯು ಎಂದೂ ನಿಘಂಟು ಹೇಳುತ್ತದೆ. ಶಹಾಬಾದಿನಲ್ಲಿ ಕಲ್ಲು ಸೀಳಿ ಫರ್ಶಿ ಮಾಡುವ, ವಾಡಿ-ಸೇಡಂಗಳಲ್ಲಿ ಕಲ್ಲು ಅರೆದು ಸಿಮೆಂಟ್ ಮಾಡುವ ಈ ಸೀಮೆಗೆ ಎರಡೂ ಹೊಂದುತ್ತವೆ. ಬಜಾರಿನ ‘ಅರೆ ಭಾಯಿ’ ಮಾತ್ರ ದಖನಿಯಿಂದ ಬಂದ ನೆಂಟ.

ಕಾಗಿಣಾ ದಂಡೆಯ ದಂಡೋತಿಯಲ್ಲಿ ವಿಜ್ಞಾನ ಓದುವ ಹುಡುಗಿ ‘ಅರೆವಾಹಕ’ ಎಂಬುದನ್ನು ಒಂದೂವರೆಯ ಅರೆಯಂತೆ ಕೇಳಿಸಿಕೊಂಡರೆ ತಪ್ಪು ಅವಳದಲ್ಲ. ತಾಮ್ರದ ಅರ್ಧದಷ್ಟು ಕರೆಂಟ್ ಹರಿಸುವುದು ಎಂದೇ ಆ ಪದ ಸೂಚಿಸುತ್ತದೆ. ಲೆಕ್ಕ ಬೇರೆ. ತಾಮ್ರದಲ್ಲಿ ಪರಮಾಣುವಿಗೆ ಹೆಚ್ಚುಕಡಿಮೆ ಒಂದು ಬಿಡಿ ಎಲೆಕ್ಟ್ರಾನ್ ಅಡ್ಡಾಡಿಕೊಂಡಿರುತ್ತದೆ. ಅರೆವಾಹಕವಾದ ಶುದ್ಧ ಸಿಲಿಕಾನ್‌ನಲ್ಲಿ, ಕೋಣೆಯ ಉಷ್ಣತೆಯಲ್ಲಿ, ಕೆಲವು ಲಕ್ಷ ಕೋಟಿ ಪರಮಾಣುಗಳಿಗೆ ಒಂದು!

ಸಿಲಿಕಾನ್ ಪರಮಾಣುವಿನಲ್ಲಿ 14 ಎಲೆಕ್ಟ್ರಾನುಗಳು: 2, 8, 4. ಹೊರಗಿನ ನಾಲ್ಕೂ ಸುತ್ತಲಿನ ನಾಲ್ಕು ಪರಮಾಣುಗಳ ಜೊತೆ ಬಂಧದಲ್ಲಿ ಸಿಕ್ಕಿಕೊಂಡಿರುತ್ತವೆ. ಬಿಡಿಸಿಕೊಳ್ಳಲು ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಇಲ್ಲಿ ಹತ್ತು ಲಕ್ಷ ಪರಮಾಣುಗಳ ನಡುವೆ ಒಂದು ರಂಜಕ ಸೇರಿಸಿ. ಅದರ ಹೊರಕವಚದಲ್ಲಿ ಐದು. ನಾಲ್ಕು ಬಂಧಕ್ಕೆ ಹೋದರೆ ಐದನೆಯದಕ್ಕೆ ಕೆಲಸವಿಲ್ಲ, ಅಲೆಯತೊಡಗುತ್ತದೆ. ಅಷ್ಟಕ್ಕೇ ಬಿಡಿ ಎಲೆಕ್ಟ್ರಾನುಗಳು ಲಕ್ಷಾಂತರ ಪಟ್ಟು ಏರುತ್ತವೆ. ಹಾಲಿಗೆ ಹಾಕುವ ಹೆಪ್ಪೂ ಇಷ್ಟು ಕಡಿಮೆ ಇರದು. ಮೂರೇ ಇರುವ ಬೋರಾನ್ ಬೆರೆಸಿದರೆ ಒಂದು ಜಾಗ ಖಾಲಿ. ಆ ಖಾಲಿಯೇ ಧನ ಆವೇಶದಂತೆ ನಡೆದಾಡುತ್ತದೆ. ಈ ಎರಡು ಬಗೆ ಕೂಡುವ ಗಡಿಯೇ ಡಯೋಡ್.

ಹಾಗಾಗಿ ಇದು ಅರೆಮನಸ್ಸಿನ ಅರೆ ಎಂದೇ ನನ್ನ ಪಕ್ಷ: ಹರಿಸಲಾರೆ ಎನ್ನದು, ಸುಮ್ಮನೆ ಹರಿಸದು. ಒಲಿಸುವವರು ಬೇಕು. ತಾಮ್ರವನ್ನು ಹೀಗೆ ಒಲಿಸಲಾಗದು, ಅದು ಯಾವಾಗಲೂ ತಯಾರು.

ಅಂದಹಾಗೆ, ವಾಡಿಯ ಸಿಮೆಂಟಿನಲ್ಲೂ ಸಿಲಿಕಾನ್ ಇದೆ. 1450 ಡಿಗ್ರಿಯ ಗೂಡಿನಲ್ಲಿ ಸುಣ್ಣದೊಂದಿಗೆ ಬೆಸೆದು ಆಮ್ಲಜನಕದ ಹಿಡಿತದಲ್ಲಿ ಕೂತಿದೆ. ಆ ರೂಪದಲ್ಲಿ ಎಲೆಕ್ಟ್ರಾನಿಕ್ ಚಿಪ್‌ಗೆ ಬರದು.

ಅರೆವಾಹಕವನ್ನು ಬಿಸಿಯೂ ಒಲಿಸುತ್ತದೆ. ಕಾಯಿಸಿದರೆ ಲೋಹದ ತಡೆ ಏರುತ್ತದೆ. ಬೆಳ್ಳಿಯ ಸಲ್ಫೈಡ್‌ನಲ್ಲಿ ಅದು ಇಳಿಯುವುದನ್ನು ವಿಜ್ಞಾನಿ ಫ್ಯಾರಡೆ 1833ರಲ್ಲೇ ಬರೆದಿಟ್ಟ. ಶುದ್ಧ ಸಿಲಿಕಾನ್‌ನ ಸ್ವಭಾವವೂ ಅದೇ, ಬಿಸಿಗೆ ಬಂಧ ಬಿಟ್ಟುಬರುವ ಎಲೆಕ್ಟ್ರಾನುಗಳು ಹೆಚ್ಚು. ಹಾಗೆಂದು ಚಿತ್ತಾಪುರದ ಮೇ ಬಿಸಿಲಿಗೆ ಸಿಲಿಕಾನ್‌ನ ಸೋಲಾರ್ ಫಲಕ ಕುಣಿಯುತ್ತದೆ ಎಂದುಕೊಳ್ಳಬೇಡಿ. ಅದಕ್ಕೆ ಬೆಳಕು ಬೇಕು, ಝಳ ಬೇಡ. ಕಾದಂತೆ ವೋಲ್ಟೇಜ್ ಕುಸಿಯುತ್ತದೆ. 25 ಡಿಗ್ರಿ ದಾಟಿದ ಪ್ರತಿ ಡಿಗ್ರಿಗೂ ಉತ್ಪಾದನೆ ಸುಮಾರು ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ.