ಲಾರಿ ಎಂಜಿನ್ನಿನ ಆಯುಷ್ಯ: ಮೀಟರ್ ಹೇಳದ ಲೆಕ್ಕ

ಸುರೇಬಾನ (ಬೆಳಗಾವಿ ಜಿಲ್ಲೆ): ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ- ಈ ನಾಲ್ಕೂ ತಾಲ್ಲೂಕು ಕೇಂದ್ರಗಳಿಗೆ ಇಂದಿಗೂ ರೈಲು ಬಂದಿಲ್ಲ. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಮಾರ್ಗವಾಗಿ ಧಾರವಾಡಕ್ಕೆ ಹಳಿ ಹಾಕಬೇಕೆಂಬ ಬೇಡಿಕೆ ಹಳೆಯದು. ಹೀಗಾಗಿ ಹೊಲದ ಕಬ್ಬು, ಹತ್ತಿ, ಗೋವಿನಜೋಳ, ಕಡಲೆ ಹೊರಗೆ ಹೋಗುವುದೂ ಸಿಮೆಂಟು, ಗೊಬ್ಬರ ಒಳಗೆ ಬರುವುದೂ ಲಾರಿಯ ಮೇಲೆಯೇ. ಶಬರಿ ಕೊಳ್ಳದಿಂದಾಗಿ ಹೊರಗಿನವರಿಗೆ ಪರಿಚಿತವಾದ ರಾಮದುರ್ಗ ತಾಲ್ಲೂಕಿನ ಸುರೇಬಾನದಂತಹ ಊರಿನಲ್ಲಿ ಒಂದೇ ಲಾರಿಯನ್ನು ನಂಬಿದ ಕುಟುಂಬಕ್ಕೆ ಅದರ ಎಂಜಿನ್ ನಿಂತರೆ ದುಡಿಮೆಯೇ ನಿಂತಂತೆ.

ಅಂತಹ ಮಾಲೀಕರ ಮುಂದೆ ಇಂದಲ್ಲ ನಾಳೆ ಬಂದು ನಿಲ್ಲುವ ಪ್ರಶ್ನೆ ಒಂದೇ: ಹಳೆಯ ಎಂಜಿನ್ನಿಗೆ ಮತ್ತೆ ಹಣ ಸುರಿಯಬೇಕೇ, ಅಥವಾ ಸಾಲ ಮಾಡಿ ಬೇರೆ ಗಾಡಿ ತರಬೇಕೇ? ಉತ್ತರಕ್ಕಾಗಿ ಹೆಚ್ಚಿನವರು ನೋಡುವುದು ಮೀಟರನ್ನು. ಆದರೆ ಡೀಸೆಲ್ ಎಂಜಿನ್ನಿನ ಆಯುಷ್ಯವನ್ನು ಮೀಟರ್ ಅರ್ಧ ಮಾತ್ರ ಹೇಳುತ್ತದೆ.

ಕಿಲೋಮೀಟರ್ ಏಕೆ ಸಾಲದು?

ಎಂಜಿನ್ ತಯಾರಕರು ಆಯುಷ್ಯವನ್ನು 'ಬಿ 10', 'ಬಿ 50' ಎಂಬ ಅಳತೆಗಳಲ್ಲಿ ಹೇಳುತ್ತಾರೆ. ನೂರು ಎಂಜಿನ್‌ಗಳಲ್ಲಿ ಹತ್ತು ದೊಡ್ಡ ರಿಪೇರಿಗೆ ಬರುವಷ್ಟು ಓಡಿದ ದೂರ ಬಿ 10. ಐವತ್ತು ಬರುವಷ್ಟು ಓಡಿದ್ದು ಬಿ 50. ಅಂದರೆ ಇದು ಒಂದು ಗುಂಪಿನ ಲೆಕ್ಕವೇ ಹೊರತು ನಿಮ್ಮ ಗಾಡಿಯ ಭವಿಷ್ಯವಲ್ಲ. ಒಂದೇ ದಿನ ಶೋರೂಮಿನಿಂದ ಹೊರಬಂದ ಎರಡು ಲಾರಿಗಳಲ್ಲಿ ಒಂದು 4 ಲಕ್ಷ ಕಿ.ಮೀ.ಗೆ ಬೋರ್ ಕೆಲಸಕ್ಕೆ ಬರಬಹುದು, ಇನ್ನೊಂದು 8 ಲಕ್ಷ ಕಿ.ಮೀ. ದಾಟಬಹುದು.

ವ್ಯತ್ಯಾಸದ ಮೊದಲ ಕಾರಣ ನಿಂತಲ್ಲೇ ಓಡುವ ಎಂಜಿನ್. ಕಬ್ಬಿನ ಹಂಗಾಮಿನಲ್ಲಿ ರಾಮದುರ್ಗದ ಬಳಿಯ ಖಾನಪೇಟೆ, ಕಿತ್ತೂರು ಸೀಮೆಯ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗಳತ್ತ ಸಾಗುವ ಗಾಡಿಗಳು ಸಾಲಿನಲ್ಲಿ ಗಂಟೆಗಟ್ಟಲೆ ಕಾಯುವುದುಂಟು. ಖಾಲಿ ನಿಂತು ಒಂದು ಗಂಟೆ ಓಡಿದ ಎಂಜಿನ್ ಸುಮಾರು 40 ಕಿ.ಮೀ. ಓಡಿದಷ್ಟು ಸವೆಯುತ್ತದೆ ಎಂಬುದು ವಾಹನ ನಿರ್ವಹಣೆಯಲ್ಲಿ ಬಳಸುವ ಸಾಮಾನ್ಯ ಅಂದಾಜು.

ಉದಾಹರಣೆಗೆ, ಒಂದು ಗಾಡಿ ದಿನಕ್ಕೆ 80 ಕಿ.ಮೀ. ಓಡಿ, ನಾಲ್ಕು ಗಂಟೆ ಸಾಲಿನಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿತೆನ್ನಿ. 120 ದಿನಗಳ ಹಂಗಾಮಿನಲ್ಲಿ ಮೀಟರ್ ತೋರಿಸುವುದು 9,600 ಕಿ.ಮೀ. ಎಂಜಿನ್ ದುಡಿದದ್ದು 28,800 ಕಿ.ಮೀ.ಗೆ ಸಮ, ಅಂದರೆ ಮೂರು ಪಟ್ಟು. 18 ಸಾವಿರ ಕಿ.ಮೀ.ಗೆ ಎಣ್ಣೆ ಬದಲಿಸುವ ಮಾಲೀಕ ಮೀಟರ್ ನಂಬಿದರೆ ಇಡೀ ಹಂಗಾಮಿನಲ್ಲಿ ಒಮ್ಮೆಯೂ ಎಣ್ಣೆ ಬದಲಿಸುವುದಿಲ್ಲ. ಹೆದ್ದಾರಿಯಲ್ಲಿ ಪುಣೆ- ಬೆಂಗಳೂರು ನಡುವೆ ಒಂದೇ ಹದದಲ್ಲಿ ಓಡುವ ಲಾರಿಗೆ ಕಿಲೋಮೀಟರ್ ಲೆಕ್ಕ ಸಾಕು. ಹೊಲದಿಂದ ಕಾರ್ಖಾನೆಗೆ ಓಡುವ ಗಾಡಿಗೆ ಗಂಟೆಯ ಲೆಕ್ಕವೇ ಸರಿ.

ನಮ್ಮ ರಸ್ತೆಯ ಎಂಜಿನ್‌ಗಳು

ಟಾಟಾ ಸಂಸ್ಥೆಯು ಜರ್ಮನಿಯ ಡೈಮ್ಲರ್ ಬೆಂಜ್ ಸಹಯೋಗದಲ್ಲಿ ಲಾರಿ ತಯಾರಿಕೆ ಆರಂಭಿಸಿದ್ದು 1954ರಲ್ಲಿ. ಗ್ಯಾರೇಜುಗಳಲ್ಲಿ ಮನೆಮಾತಾದ '697' ಎಂಜಿನ್ನಿನ ಹೆಸರೇ ಅದರ ಅಳತೆ: 6 ಸಿಲಿಂಡರ್, 97 ಮಿ.ಮೀ. ಬೋರ್. 1993ರಲ್ಲಿ ಟಾಟಾ- ಕಮಿನ್ಸ್ ಜಂಟಿ ಸಂಸ್ಥೆ ಸ್ಥಾಪನೆಯಾಗಿ, ಜೆಮ್‌ಶೆಡ್‌ಪುರದಲ್ಲಿ 5.9 ಲೀಟರಿನ ಬಿ ಸರಣಿಯ ಎಂಜಿನ್ ತಯಾರಾಯಿತು. ಅಶೋಕ್ ಲೇಲ್ಯಾಂಡ್ ಲಾರಿಗಳಲ್ಲಿ ಜಪಾನಿನ ಹಿನೊ ತಂತ್ರಜ್ಞಾನದ ಎಂಜಿನ್‌ಗಳು ಹೆಸರು ಮಾಡಿದವು.

ರಿಪೇರಿಯ ದೃಷ್ಟಿಯಿಂದ ಇವುಗಳ ರಚನೆ ಮುಖ್ಯ. ಲೈನರ್ ಇರುವ ಎಂಜಿನ್ನಿನಲ್ಲಿ ಸವೆದ ಲೈನರ್ ತೆಗೆದು ಹೊಸದನ್ನು ಕೂರಿಸಬಹುದು. ಕಮಿನ್ಸ್ ಬಿ ಸರಣಿಯಲ್ಲಿ ಪಿಸ್ಟನ್ ಓಡಾಡುವುದು ಬ್ಲಾಕಿನಲ್ಲೇ ಕೊರೆದ ಬೋರಿನಲ್ಲಿ. ಅದು ಸವೆದರೆ ಮಷಿನ್ ಶಾಪಿನಲ್ಲಿ ಅರ್ಧ ಅಥವಾ ಒಂದು ಮಿ.ಮೀ. ಹೆಚ್ಚು ಕೊರೆದು ದೊಡ್ಡ ಪಿಸ್ಟನ್ ಹಾಕಬೇಕು. ಅದೂ ಮುಗಿದರೆ ಸ್ಲೀವ್ ಕೂರಿಸಬೇಕು. ಹಳೆಯ ಗಾಡಿ ಕೊಳ್ಳುವವರು 'ಬೋರ್ ಎಷ್ಟನೆಯ ಸೈಜಿನಲ್ಲಿದೆ' ಎಂದು ಕೇಳಲೇಬೇಕಾದುದು ಇದಕ್ಕಾಗಿಯೇ.

ದೂಳು, ಎಣ್ಣೆ, ನೀರು

ಒಂದು ಲೀಟರ್ ಡೀಸೆಲ್ ಉರಿಯಲು 10 ಸಾವಿರ ಲೀಟರಿಗೂ ಹೆಚ್ಚು ಗಾಳಿ ಬೇಕು. ಎರೆಭೂಮಿಯ ಬೇಸಿಗೆಯ ದೂಳಿನಲ್ಲಿ ಆ ಗಾಳಿಯನ್ನು ಸೋಸುವ ಏರ್ ಫಿಲ್ಟರೇ ಎಂಜಿನ್ನಿನ ಕಾವಲುಗಾರ. ಫಿಲ್ಟರ್ ಹೊಸದಾಗಿದ್ದು, ಅದರಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಸೀಳಿದ್ದರೆ ಪ್ರಯೋಜನವಿಲ್ಲ. ಆ ಸಣ್ಣ ಬಿರುಕಿನಿಂದ ಒಳಹೋಗುವ ದೂಳು ರಿಂಗು, ಬೋರುಗಳನ್ನು ಉಜ್ಜುವ ಕಾಗದದಂತೆ ತಿನ್ನುತ್ತದೆ. ಪೇಪರ್ ಫಿಲ್ಟರನ್ನು ನೆಲಕ್ಕೆ ಬಡಿಯುವುದು, ಹೆಚ್ಚಿನ ಒತ್ತಡದ ಗಾಳಿ ಹೊಡೆಯುವುದು ಅದನ್ನು ಹರಿಯುವ ಮಾರ್ಗಗಳು.

ಎಣ್ಣೆಯ ವಿಷಯದಲ್ಲಿ ಬಣ್ಣ ನೋಡಿ ತೀರ್ಮಾನಿಸುವುದು ತಪ್ಪು. ಡೀಸೆಲ್ ಎಂಜಿನ್ನಿನ ಒಳ್ಳೆಯ ಎಣ್ಣೆ ಮಸಿಯನ್ನು ತನ್ನೊಳಗೆ ಹಿಡಿದಿಡುವುದರಿಂದ ಬೇಗನೆ ಕಪ್ಪಾಗುತ್ತದೆ. ನೋಡಬೇಕಾದುದು ಪ್ರಮಾಣವನ್ನು. 100 ಲೀಟರ್ ಡೀಸೆಲ್ ಉರಿಯುವಷ್ಟರಲ್ಲಿ ಎಣ್ಣೆ ಅರ್ಧ ಲೀಟರಿಗಿಂತ ಹೆಚ್ಚು ಕಡಿಮೆಯಾದರೆ ಕಾರಣ ಹುಡುಕಬೇಕು. ಒಂದು ಲೀಟರ್ ಸಮೀಪಿಸಿದರೆ ಎಂಜಿನ್ ಬಿಚ್ಚುವ ಕಾಲ ಹತ್ತಿರವಾಗಿದೆ. ಗೇಜಿನಲ್ಲಿ ಎಣ್ಣೆ ತಾನಾಗಿ ಏರುತ್ತಿದ್ದರೆ ಅದು ಇನ್ನೂ ಅಪಾಯ. ಡೀಸೆಲ್ ಅಥವಾ ನೀರು ಎಣ್ಣೆಗೆ ಸೇರುತ್ತಿದೆ ಎಂದರ್ಥ. ಗಾಡಿಯನ್ನು ಮುಂದೆ ಓಡಿಸಬಾರದು.

ರೇಡಿಯೇಟರಿಗೆ ಬೋರ್‌ವೆಲ್ಲಿನ ಗಡಸು ನೀರು ತುಂಬುವ ರೂಢಿ ವ್ಯಾಪಕ. ಒಲೆಯ ಮೇಲಿನ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಎಂಜಿನ್ನಿನ ನೀರಿನ ದಾರಿಯಲ್ಲೂ ಕಟ್ಟಿ, ಶಾಖ ಹೊರಹೋಗದಂತೆ ತಡೆಯುತ್ತದೆ. ಕೊನೆಗೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಹೆಡ್ ಸೊಟ್ಟಾಗುತ್ತದೆ. ಕಾವು ಏರಿದಾಗ ಥರ್ಮೋಸ್ಟ್ಯಾಟನ್ನೇ ಕಿತ್ತೆಸೆಯುವುದು ಇನ್ನೊಂದು ಕೆಟ್ಟ ರೂಢಿ. ಆಗ ಎಂಜಿನ್ ಸರಿಯಾದ ಕಾವಿಗೆ ಬಾರದೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೋರ್ ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ ಕಾವು ಮತ್ತಷ್ಟು ಏರುವುದೂ ಉಂಟು.

ಪಂಪು ಮತ್ತು ನಾಜಲ್

ಡೀಸೆಲ್ ಪಂಪಿನ ಕೆಲಸವೆಂದರೆ ರಾಜ್ಯದ ಗ್ಯಾರೇಜುಗಳಲ್ಲಿ ಇಂದಿಗೂ ನೆನಪಾಗುವ ಹೆಸರು 'ಮೈಕೋ'. 1951ರಲ್ಲಿ ಆರಂಭವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು. ಹಳೆಯ ಸಾಲು ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಕೀಲೆಣ್ಣೆ. ಆದ್ದರಿಂದ ಡೀಸೆಲ್ಲಿನಲ್ಲಿ ನೀರು ಸೇರಿದರೆ ಮೊದಲು ಕೆಡುವುದು ಪಂಪು, ನಾಜಲ್. ಫಿಲ್ಟರಿನ ತಳದ ನೀರನ್ನು ತಪ್ಪದೆ ಬಿಡುವುದು ಖರ್ಚಿಲ್ಲದ ರಕ್ಷಣೆ.

ತೊಟ್ಟಿಕ್ಕುವ ನಾಜಲ್ ಒಂದೇ ಆದರೂ ಹಾನಿ ದೊಡ್ಡದು. ಹನಿಹನಿಯಾಗಿ ಬಿದ್ದ ಡೀಸೆಲ್ ಬೋರಿನ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ, ಕೆಲವೊಮ್ಮೆ ಪಿಸ್ಟನ್ನಿನ ತಲೆಯನ್ನೇ ಸುಡುತ್ತದೆ. ಎಳೆತ ಹೆಚ್ಚಲೆಂದು ಪಂಪಿನ ಸೀಲ್ ಒಡೆದು ಡೀಸೆಲ್ ಏರಿಸುವುದರ ಫಲವೂ ಇದೇ. ಟ್ಯಾಪೆಟ್ ಅಂತರವನ್ನೂ ಅಂದಾಜಿನಲ್ಲಿ ಇಡಬಾರದು. 5.9 ಲೀಟರಿನ ಕಮಿನ್ಸ್ ಬಿ ಸರಣಿಯ 12 ವಾಲ್ವಿನ ಎಂಜಿನ್ನಿಗೆ ತಣ್ಣಗಿದ್ದಾಗ ಇನ್‌ಲೆಟ್ 0.25 ಮಿ.ಮೀ., ಎಕ್ಸಾಸ್ಟ್ 0.51 ಮಿ.ಮೀ. ಟರ್ಬೊ ಇರುವ ಗಾಡಿಯನ್ನು ಭಾರ ಎಳೆದು ಬಂದ ಕೂಡಲೇ ಬಂದ್ ಮಾಡದೆ ಎರಡು- ಮೂರು ನಿಮಿಷ ನಿಧಾನಕ್ಕೆ ಓಡಲು ಬಿಡಬೇಕು.

ರೋಗಲಕ್ಷಣಗಳು

* ನೀಲಿ ಹೊಗೆ: ಎಣ್ಣೆ ಉರಿಯುತ್ತಿದೆ. ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ ಸವೆದಿರಬಹುದು.
* ಕಪ್ಪು ಹೊಗೆ: ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು. ಮೊದಲು ಏರ್ ಫಿಲ್ಟರ್, ನಂತರ ನಾಜಲ್ ಪರೀಕ್ಷಿಸಬೇಕು.
* ಕಾವೇರಿದ ಮೇಲೂ ನಿಲ್ಲದ ಬಿಳಿ ಹೊಗೆ: ನೀರು ಒಳಸೇರುತ್ತಿದೆ ಅಥವಾ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ.
* ಎಣ್ಣೆಯ ಮುಚ್ಚಳ ತೆಗೆದಾಗ ನುಗ್ಗುವ ಹೊಗೆ: ಮಿಸ್ತ್ರಿಗಳ ಮಾತಿನಲ್ಲಿ 'ಬ್ಯಾಕ್ ಕಂಪ್ರೆಷನ್'. ರಿಂಗ್, ಬೋರ್ ಸವೆತದ ಸೂಚನೆ.
* ಕಾವೇರಿದಾಗ ಇಳಿಯುವ ಎಣ್ಣೆಯ ಒತ್ತಡ: ಬೇರಿಂಗ್ ಸವೆದಿರಬಹುದು. ನಿರ್ಲಕ್ಷಿಸಿದರೆ ಕ್ರ್ಯಾಂಕ್ ಹಾಳು.

'ಹಾಫ್' ಸಾಕೇ, 'ಫುಲ್' ಬೇಕೇ?

ಹೆಡ್ ಬಿಚ್ಚಿ ವಾಲ್ವ್, ರಿಂಗುಗಳ ಮಟ್ಟಿಗೆ ಮುಗಿಸುವ ಕೆಲಸವನ್ನು 'ಹಾಫ್ ಎಂಜಿನ್' ಎನ್ನುವುದು ವಾಡಿಕೆ. ಕ್ರ್ಯಾಂಕ್ ಇಳಿಸಿ, ಬೋರ್, ಬೇರಿಂಗ್ ಎಲ್ಲವನ್ನೂ ಹೊಸದು ಮಾಡುವುದು 'ಫುಲ್ ಎಂಜಿನ್'. ಹಣ ಉಳಿಸಲು ಸವೆದ ಬೋರಿಗೆ ಹೊಸ ರಿಂಗ್ ಹಾಕಿದರೆ ಕೆಲವೇ ತಿಂಗಳಲ್ಲಿ ಮತ್ತೆ ಹೊಗೆ ಬರುತ್ತದೆ. ಕೂಲಿ ಎರಡು ಬಾರಿ ಕೊಟ್ಟಂತಾಗುತ್ತದೆ. ಬೋರನ್ನು ಕೈಯಿಂದ ಸವರಿ ನೋಡದೆ ಅಳತೆಯ ಉಪಕರಣದಿಂದ ಮೇಲೆ, ನಡುವೆ, ಕೆಳಗೆ ಅಳೆಸಿ, ಆ ಅಂಕಿಯನ್ನು ಕಾಗದದ ಮೇಲೆ ಪಡೆದ ನಂತರವೇ ತೀರ್ಮಾನಿಸುವುದು ಕ್ಷೇಮ. ಎಂಜಿನ್ ಏಕೆ ಕೆಟ್ಟಿತು ಎಂಬುದು ತಿಳಿಯುವವರೆಗೆ ಹೊಸ ಭಾಗಗಳನ್ನು ಕೊಳ್ಳಬಾರದು. ಸೀಳಿದ ಪೈಪು ಹಾಗೆಯೇ ಉಳಿದರೆ ಹೊಸ ಬೋರಿಗೂ ಹಳೆಯ ಗತಿಯೇ.

ಬಿಎಸ್ 6 ಗಾಡಿಗಳ ಹೊಸ ಪಾಠ

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್ 6 ನಿಯಮ ಜಾರಿಗೆ ಬಂದಿತು. ಡೀಸೆಲ್ಲಿನ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಹೊಸ ಲಾರಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್, ಹೊಗೆಯನ್ನು ಶುದ್ಧಗೊಳಿಸುವ ಯೂರಿಯಾ ದ್ರಾವಣ (ಡಿಇಎಫ್) ಸೇರಿದವು. ಈ ದ್ರಾವಣದಲ್ಲಿ ಶೇ 32.5ರಷ್ಟು ಶುದ್ಧ ಯೂರಿಯಾ ಇರುತ್ತದೆ. ಹೊಲಕ್ಕೆ ಹಾಕುವ ಬೇವು ಲೇಪಿತ ಯೂರಿಯಾವನ್ನು ನೀರಿನಲ್ಲಿ ಕಲಸಿ ಸುರಿದರೆ ದುಬಾರಿ ಉಪಕರಣವೇ ಹಾಳಾಗುತ್ತದೆ. ಹತ್ತಿರದ ದೂರ, ನಿಂತು ಓಡುವ ಕೆಲಸದಲ್ಲಿ ಮಸಿ ಫಿಲ್ಟರ್ ಬೇಗ ಕಟ್ಟಿಕೊಳ್ಳುವುದರಿಂದ, ದೀಪ ಹೊತ್ತಿದಾಗ ಅದನ್ನು ಸುಟ್ಟು ಶುಚಿಗೊಳಿಸುವ ಪ್ರಕ್ರಿಯೆಯನ್ನು ನಡುವೆ ನಿಲ್ಲಿಸಬಾರದು.

ಒಂದು ನೋಟ್‌ಬುಕ್ಕಿನ ಬೆಲೆ

ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ರಾಮದುರ್ಗ, ಸವದತ್ತಿ, ಬೈಲಹೊಂಗಲದಲ್ಲಿ ಡಿಪೊಗಳಿವೆ. ಸರ್ಕಾರಿ ಬಸ್ಸುಗಳು ಲಕ್ಷಾಂತರ ಕಿ.ಮೀ. ಓಡುವುದರ ಹಿಂದಿರುವುದು ದಾಖಲೆ: ಯಾವ ಬಸ್ಸು ಲೀಟರಿಗೆ ಎಷ್ಟು ಓಡಿತು, ಎಷ್ಟು ಎಣ್ಣೆ ತುಂಬಿತು, ಯಾವ ದಿನ ಯಾವ ಕೆಲಸವಾಯಿತು. ಲೀಟರಿಗೆ ಸಿಗುವ ಕಿಲೋಮೀಟರ್ ಇಳಿದಾಗಲೇ ರೋಗ ಗೊತ್ತಾಗುತ್ತದೆ. ಒಂದೇ ಲಾರಿ ಇರುವವರು ಇದೇ ಪದ್ಧತಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಅನುಸರಿಸಬಹುದು. ದಿನಾಂಕ, ಮೀಟರ್, ನಿಂತು ಓಡಿದ ಗಂಟೆ, ಡೀಸೆಲ್, ತುಂಬಿದ ಎಣ್ಣೆ, ತುಂಬಿದ ನೀರು- ಆರು ಕಲಮುಗಳು ಸಾಕು.

ಎಂಟು ವರ್ಷ ದಾಟಿದ ಲಾರಿ ಪ್ರತಿ ವರ್ಷ ಫಿಟ್‌ನೆಸ್ ಪ್ರಮಾಣಪತ್ರ ನವೀಕರಿಸಬೇಕು. 15 ವರ್ಷ ಮೀರಿದ ವಾಹನಗಳ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ ಹಲವು ಪಟ್ಟು ಏರಿಸಲಾಯಿತು. ಹೀಗಾಗಿ 'ಫುಲ್ ಎಂಜಿನ್' ಮಾಡಿಸುವ ಮುನ್ನ ಗಾಡಿಯ ವಯಸ್ಸು, ಚಾಸಿ, ಗೇರ್ ಬಾಕ್ಸುಗಳ ಸ್ಥಿತಿಯನ್ನೂ ಕೂಡಿಸಿ ನೋಡಬೇಕು. ಹತ್ತು ವರ್ಷದ ಗಟ್ಟಿ ಗಾಡಿಗೆ ಸರಿಯಾಗಿ ಮಾಡಿಸಿದ ಎಂಜಿನ್ ಇನ್ನಷ್ಟು ಹಂಗಾಮುಗಳ ದುಡಿಮೆ ಕೊಡಬಲ್ಲದು. ಹದಿನೆಂಟರ ಗಾಡಿಗೆ ಅದೇ ಹಣ ಹಾಕುವ ಮುನ್ನ ಎರಡು ಬಾರಿ ಯೋಚಿಸಬೇಕು. ಆ ಯೋಚನೆಗೆ ಆಧಾರ ಒದಗಿಸುವುದು ಮೀಟರಿನ ಅಂಕಿಯೊಂದೇ ಅಲ್ಲ, ನೋಟ್‌ಬುಕ್ಕಿನ ಆ ಆರು ಕಲಮುಗಳು.