ಕೆಸರು ತೊಳೆದರೆ ಹೋಗುತ್ತದೆ

ಕಳೆದ ವಾರ ಬಸ್ಸಿನಲ್ಲಿ ಹಿಂದಿನ ಸೀಟಿನ ಇಬ್ಬರು ತರುಣರು ಯಾವುದೋ ಪ್ರತಿಭಟನೆಯ ಮಾತಾಡುತ್ತಿದ್ದರು. "ಗಲಾಟೇಲಿ ಒಬ್ಬನ ತಲೆ ಒಡೀತು. ಏನ್ಮಾಡೋಕಾಗುತ್ತೆ ಗುರೂ, ಕೈ ಕೆಸರಾದ್ರೆ ತಾನೇ ಬಾಯಿ ಮೊಸರು" ಎಂದ ಒಬ್ಬ. ಮನೆ ಮುಟ್ಟುವವರೆಗೂ ನನಗೆ ಸಂಕಟ. ತಲೆ ಒಡೆದದ್ದಕ್ಕೆ ಒಂದು, ಗಾದೆ ಹಾಳಾದದ್ದಕ್ಕೆ ಇನ್ನೊಂದು.

ಕೆಸರು ಗದ್ದೆಯ ಮಾತು. ನಾಟಿಯ ದಿನ ಮಧ್ಯಾಹ್ನ ನನ್ನಜ್ಜಿ ಬದು ಹತ್ತಿ ಬಂದರೆ ಮೊಣಕೈವರೆಗೂ ಕೆಸರು, ಉಗುರಿನ ಸಂದಿಯಲ್ಲೂ ಕೆಸರು. ಕಾಲುವೆಯಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಹುಲ್ಲು ಕಿತ್ತು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ನೀರು ಒಂದು ಗಳಿಗೆ ಬಗ್ಗಡವಾಗಿ ಮತ್ತೆ ತಿಳಿಯಾಗುತ್ತಿತ್ತು. ಆಮೇಲೆ ಅದೇ ಕೈಯಲ್ಲಿ ಮೊಸರನ್ನ. ಕೆಸರು, ಮೊಸರು ಪ್ರಾಸಕ್ಕೆ ಕೂಡಿದವು ಎನ್ನುವವರುಂಟು. ನಾನು ಒಪ್ಪುವುದಿಲ್ಲ. ಪ್ರಾಸ ಆಮೇಲೆ ಬಂತು, ಮೊದಲಿದ್ದದ್ದು ಆ ಕಾಲುವೆಯ ನೀರು. ಗಾದೆಯ ಕೆಸರು ತೊಳೆದರೆ ಹೋಗುವ ಕೊಳೆ. ಈಗಿನ ಪತ್ರಿಕೆಗಳು 'ಕೆಸರೆರಚಾಟ' ಎಂದು ಬರೆದು ಬರೆದು ಗದ್ದೆಯ ಮಣ್ಣಿಗೂ ಕೆಟ್ಟ ಹೆಸರು ತಂದಿವೆ. ಇನ್ನೊಂದು ಮಾತು: ಗಾದೆಯ ಕೈಯೂ ಬಾಯಿಯೂ ಒಬ್ಬರವೇ. ಮತ್ತೊಬ್ಬನ ತಲೆಗೆ ಅದರಲ್ಲಿ ಜಾಗವಿಲ್ಲ.

ಆ ಹುಡುಗ ಹೇಳಿದಂಥ ಕೈಕೊಳೆಯ ಮಾತು ಬೇರೆ ಕಡೆಯೂ ಇದೆ. ಫ್ರೆಂಚ್ ಲೇಖಕ ಸಾರ್ತ್ರನ ನಾಟಕವೊಂದು 1948ರಲ್ಲಿ ಪ್ಯಾರಿಸ್ಸಿನಲ್ಲಿ ರಂಗಕ್ಕೇರಿತು. ಹೆಸರೇ 'ಕೊಳಕು ಕೈಗಳು'. ಕೈ ಕೊಳೆಯಾಗದೆ ರಾಜಕಾರಣವಿಲ್ಲ ಎಂದು ಅದರಲ್ಲಿ ಹೋಡರರ್ ಎಂಬ ಮುಖಂಡ ವಾದಿಸುತ್ತಾನೆ; ತನ್ನ ಕೈಯೂ ಮೊಣಕೈವರೆಗೆ ಕೊಳೆ ಎನ್ನುತ್ತಾನೆ. ಓದುವಾಗ ಅಜ್ಜಿಯ ಮೊಣಕೈ ಕಣ್ಣಿಗೆ ಕಟ್ಟುತ್ತದೆ. ಆದರೆ ಅವನು ಹೇಳುವ ಕೊಳೆಯಲ್ಲಿ ರಕ್ತವೂ ಇದೆ, ಅದಕ್ಕೆ ಕಾಲುವೆಯಿಲ್ಲ.

ಮರುವರ್ಷ ಇನ್ನೊಬ್ಬ ಫ್ರೆಂಚ್ ಲೇಖಕ ಕಮೂ ಬರೆದ ನಾಟಕ ನನಗೆ ಇದಕ್ಕಿಂತ ಹತ್ತಿರ, ಅದರಲ್ಲಿರುವುದು ನಡೆದ ಸಂಗತಿ. 1905ರ ಮಾಸ್ಕೋ. ಕಾಲ್ಯಾಯೆವ್ ಎಂಬ ಕ್ರಾಂತಿಕಾರಿ ಬಾಂಬು ಹಿಡಿದು ಕಾದಿದ್ದಾನೆ. ಝಾರ್‌ನ ಚಿಕ್ಕಪ್ಪ ಸೆರ್ಗೇಯ ಗಾಡಿ ಬಂತು. ಒಳಗೆ ಹೆಂಡತಿಯೂ ಅವನು ಸಾಕುತ್ತಿದ್ದ ತಮ್ಮನ ಇಬ್ಬರು ಮಕ್ಕಳೂ ಕೂತಿದ್ದರು. ಕಾಲ್ಯಾಯೆವ್ ಎತ್ತಿದ ಕೈ ಇಳಿಸಿದ. ಎರಡು ದಿನ ಬಿಟ್ಟು ಸೆರ್ಗೇ ಒಬ್ಬನೇ ಬಂದಾಗ ಎಸೆದ. ಕ್ಷಮೆ ಕೇಳಿ ಜೀವ ಉಳಿಸಿಕೊಳ್ಳಲೊಪ್ಪದೆ ಅದೇ ವರ್ಷ ಗಲ್ಲಿಗೇರಿದ. ಆ ಕೊಲೆಯನ್ನು ನಾನು ಸಮರ್ಥಿಸಲಾರೆ. 'ಒಬ್ಬನೇ' ಎಂದೆನಲ್ಲ, ಗಾಡಿ ಹೊಡೆಯುವವನಿದ್ದ, ಅವನೂ ಗಾಯದಿಂದ ಸತ್ತ. ಆದರೂ ಮೊದಲ ಸಂಜೆ ಇಳಿದ ಆ ಕೈಯನ್ನು ಮರೆಯಲಾರೆ. ಎಸೆಯುವುದೂ ಬಿಡುವುದೂ ತನ್ನದೇ ಎಂದು ಅವನಿಗೆ ಗೊತ್ತಿತ್ತು.

ಬಸ್ಸಿನ ಹುಡುಗನ ಮಾತಿನಲ್ಲಿ ಕಾಣೆಯಾದದ್ದು ಅದೇ. ಕನ್ನಡದಲ್ಲಿ 'ಒಡೆ' ಎರಡೂ ಕಡೆ ಸಲ್ಲುವ ಧಾತು: ಮಡಕೆ ತಾನೇ ಒಡೆಯುತ್ತದೆ, ಮಡಕೆಯನ್ನು ಒಬ್ಬ ಒಡೆಯುತ್ತಾನೆ. "ತಲೆ ಒಡೀತು" ಎಂದರೆ ಒಡೆದವನೇ ಇಲ್ಲ. "ಕೆಸರಾದ್ರೆ" ಎಂದರೂ ಅಷ್ಟೇ, ಯಾರೂ ಮಾಡಿದ್ದಲ್ಲ, ತಾನಾಗಿ ಆದದ್ದು.

ತಮ್ಮಾ, ಯಾರ ತಲೆಯ ಮೇಲೂ ಕೈ ಎತ್ತಬೇಡ. ಎತ್ತಿಬಿಟ್ಟಿದ್ದರೆ "ನಾನು ಒಡೆದೆ" ಎಂದು ಹೇಳು. ಅಜ್ಜಿಯ ಗಾದೆಯನ್ನು ಗದ್ದೆಯಲ್ಲೇ ಬಿಡು.