ಗಣಕ ಕನ್ನಡದ ಹಳೆಯ ಕಡತಗಳು: ಓದುವ ಯಂತ್ರದ ಪ್ರಶ್ನೆ

ಮಂಗಳೂರಿನ ವಾಮಂಜೂರನ್ನು ದಾಟಿ ಮೂಡುಬಿದಿರೆಯ ಹಾದಿಯಲ್ಲಿ ಗುರುಪುರ, ಕೈಕಂಬಗಳತ್ತ ಸಾಗಿದರೆ ಕಿನ್ನಿಕಂಬಳ ಎಂಬ ಊರಿದೆ. ಗಣಕ ಕನ್ನಡದ ಆದ್ಯರಲ್ಲಿ ಒಬ್ಬರಾದ ಕಿನ್ನಿಕಂಬಳ ಪದ್ಮನಾಭ ರಾವ್ (ಜನನ 1940) ಈ ಊರಿನವರು. ಒಂದೇ ಕೀಲಿಯಲ್ಲಿ ‘ಕ’, ಶಿಫ್ಟ್‌ನೊಡನೆ ‘ಖ’ ಮೂಡುವ ಉಚ್ಚಾರಣಾನುಗುಣ ಕೀಲಿಮಣೆ ಅವರ ಕೊಡುಗೆ. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನ ‘ಸೇಡಿಯಾಪು’ ತಂತ್ರಾಂಶವನ್ನು ಅವರು ಉಚಿತವಾಗಿ ಹಂಚಿದರು. ಅಲ್ಪ ಮಾರ್ಪಾಡುಗಳೊಂದಿಗೆ ಅವರ ವಿನ್ಯಾಸವೇ ರಾಜ್ಯದ ಅಧಿಕೃತ ಕೀಲಿಮಣೆಗೆ ಆಧಾರವಾಯಿತು. ಕೀಲಿಮಣೆ ಇಂದಿಗೂ ಬಳಕೆಯಲ್ಲಿದೆ. ಆ ಕಾಲದ ಕಡತಗಳ ಸ್ಥಿತಿ ಹಾಗಿಲ್ಲ.

ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರಲ್ಲೇ ಸ್ಥಾನ ದೊರೆತಿದ್ದರೂ ಸಾಮಾನ್ಯ ಗಣಕಗಳಲ್ಲಿ ಅದರ ಬಳಕೆ ಸಾಧ್ಯವಾದದ್ದು 2001ರ ವಿಂಡೋಸ್ ಎಕ್ಸ್‌ಪಿಯ ನಂತರ. ಅದಕ್ಕೂ ಮೊದಲು ಎರಡು ಮಾರ್ಗಗಳಿದ್ದವು. ಐಐಟಿ ಕಾನ್ಪುರದಲ್ಲಿ ಆರಂಭವಾಗಿ ಸಿಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಗಣಕದೊಳಗೆ ಅಳವಡಿಸಿ ಡಾಸ್‌ನಲ್ಲಿ ಕನ್ನಡ ಮೂಡಿಸುವುದು ಮೊದಲನೆಯದು. ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ ಫಾಂಟ್‌ಗಳು ಎರಡನೆಯದು. 1998ರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮೊದಲಾದವುಗಳಲ್ಲಿ ಸಿದ್ಧವಾದ ಅಪಾರ ಬರವಣಿಗೆ ಇಂತಹ ಫಾಂಟ್‌ಗಳನ್ನೇ ನೆಚ್ಚಿಕೊಂಡಿತ್ತು. ಆ ಫಾಂಟ್ ಇಲ್ಲದ ಗಣಕದಲ್ಲಿ ಅದು ಅರ್ಥಹೀನ ರೋಮನ್ ಚಿಹ್ನೆಗಳ ಸಾಲಾಗುತ್ತದೆ.

ಪರಿವರ್ತಕ ತಂತ್ರಾಂಶಗಳಿಂದ ಈ ಸಮಸ್ಯೆ ಪೂರ್ಣವಾಗಿ ಪರಿಹಾರವಾಗದು. ‘ಸೂರ್ಯ’ ಪದದ ಅರ್ಕಾವತ್ತನ್ನು ಗಮನಿಸಬಹುದು: ಹಳೆಯ ಫಾಂಟ್‌ಗಳಲ್ಲಿ ಅದು ಕಣ್ಣಿಗೆ ಕಾಣುವಂತೆ ಯಕಾರದ ಬಳಿಕ ದಾಖಲಾದರೆ, ಯೂನಿಕೋಡ್‌ನಲ್ಲಿ ಉಚ್ಚಾರಣೆಯಂತೆ ರಕಾರವೇ ಮೊದಲು ಬರುತ್ತದೆ. ತಂತ್ರಾಂಶದಿಂದ ತಂತ್ರಾಂಶಕ್ಕೆ ಸಂಕೇತಗಳೂ ಭಿನ್ನ. ಆದುದರಿಂದ ಪರಿವರ್ತಿತ ಪಾಠವನ್ನು ಮೂಲದೊಡನೆ ಹೋಲಿಸುವುದು ಅನಿವಾರ್ಯ. ಮುದ್ರಿತ ಪ್ರತಿ ಉಳಿದಿರದಿದ್ದರೆ ಆ ಮೂಲವನ್ನು ತೋರಿಸಬಲ್ಲದ್ದು ಹಳೆಯ ತಂತ್ರಾಂಶವೊಂದೇ. ಡಾಸ್‌ಬಾಕ್ಸ್‌ನಂತಹ ಅನುಕರಣ ವ್ಯವಸ್ಥೆಗಳಲ್ಲಿ ಹಲವು ಡಾಸ್ ತಂತ್ರಾಂಶಗಳು ನಡೆಯುತ್ತವೆ. ಆದರೆ ಜಿಸ್ಟ್ ಕಾರ್ಡನ್ನು ಅವಲಂಬಿಸಿದವುಗಳಿಗೆ ಆ ಕಾರ್ಡೂ ಅದನ್ನು ಸ್ವೀಕರಿಸುವ ಹಳೆಯ ಗಣಕವೂ ಬೇಕು.

ಓಲೆಗರಿಯನ್ನು ಓದಲು ಲಿಪಿಜ್ಞಾನವಿದ್ದರೆ ಸಾಕು. ಫ್ಲಾಪಿಯಲ್ಲಿರುವ ಕನ್ನಡಕ್ಕೆ ಯಂತ್ರ, ತಂತ್ರಾಂಶ, ಫಾಂಟ್ ಮೂರೂ ಬೇಕು. ಹಳೆಯ ಗಣಕಗಳನ್ನು ಗುಜರಿಗೆ ಹಾಕುವ ಗ್ರಂಥಾಲಯವು ತನಗರಿವಿಲ್ಲದೆ ತನ್ನ ಕಡತಗಳ ಓದನ್ನೂ ಕಳೆದುಕೊಳ್ಳುತ್ತದೆ. ಹಸ್ತಪ್ರತಿ ಭಂಡಾರಗಳಿಗೆ ದೊರೆತ ಮಹತ್ವ ಚಾಲ್ತಿಯಲ್ಲಿರುವ ಕೆಲವು ಹಳೆಯ ಗಣಕಗಳಿಗೂ ಅವುಗಳ ಮೂಲ ತಂತ್ರಾಂಶಗಳಿಗೂ ದೊರೆಯಬೇಕಾಗಿದೆ.